ಮೈಕಿನ ಮುಂದೆಯೇ ಹೇಳು

ಒಂದಾನೊಂದು ಕಾಲದಲ್ಲಿ, ಅಂದರೆ ತೀರಾ ಹಿಂದೇನಲ್ಲ, ಒಬ್ಬಳು ಹುಡುಗಿಯಿದ್ದಳು. ಏಳುಪ್ಪರಿಗೆಯ ಅರಮನೆಯಲ್ಲಲ್ಲ, ಗೋಡೆಗೆಲ್ಲ ಸ್ಪಂಜು ಬಡಿದ, ಕಿಟಕಿಯೇ ಇಲ್ಲದ ಪುಟ್ಟ ರೇಡಿಯೋ ಸ್ಟುಡಿಯೋದಲ್ಲಿ. ಅವಳ ಬಳಿಗೆ ವಾರಕ್ಕೊಬ್ಬರು ಪಂಡಿತರು ಹೊಸ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು. ರಾಜರ ಕಥೆಯಲ್ಲ, ಯುದ್ಧದ ಕಥೆಯಲ್ಲ, ವಿಚಾರಗಳ ಇತಿಹಾಸ. ಜನ ಒಂದು ಕಾಲಕ್ಕೆ ಯಾವುದನ್ನು ಸರಿಯೆಂದು ನಂಬಿದ್ದರು, ಆಮೇಲೆ ಯಾಕೆ ಮನಸ್ಸು ಬದಲಾಯಿಸಿದರು ಎಂಬ ಕಥೆ. ಚಿಕ್ಕವಳಿದ್ದಾಗ ಅಜ್ಜಿ ಕಥೆ ಹೇಳುತ್ತಿದ್ದರೆ ಸಾಲಿಗೊಂದು ‘ಯಾಕೆ’ ಹಾಕಿ ಹಾಕಿ ಅವಳಿಗೆ ಯಾಕಮ್ಮ ಎಂಬ ಅಡ್ಡಹೆಸರು ಬಿದ್ದಿತ್ತು. ಈಗ ಆ ‘ಯಾಕೆ’ಗೇ ಸಂಬಳ ಬರುತ್ತಿತ್ತು.

ಯಾಕಮ್ಮನದು ಒಂದೇ ಹಟ. ಮೈಕ್ ಆನ್ ಆಗುವವರೆಗೆ ಯಾರೂ ತಮ್ಮ ಪುಸ್ತಕದ ಬಗ್ಗೆ ತುಟಿ ಪಿಟಕ್ಕೆನ್ನಬಾರದು. ಒಮ್ಮೆ ಹೇಳಿಬಿಟ್ಟ ಮಾತನ್ನು ಮತ್ತೆ ಹೇಳಿಸಿದರೆ ಅದರ ಬಿಸಿ ಆರಿರುತ್ತದೆ ಎಂಬುದು ಅವಳ ನಂಬಿಕೆ. ಅದಕ್ಕೇ ಬಂದವರ ಜೊತೆ ಮೆಟ್ಟಿಲುಗಳ ಬಗ್ಗೆ, ಮಂಡಿನೋವಿನ ಬಗ್ಗೆ ಮಾತಾಡಿ ಹೊತ್ತು ಕಳೆಯುತ್ತಿದ್ದಳು. ಗಾಜಿನಾಚೆ ಕೂತು ಗುಂಡಿ ತಿರುಗಿಸುವ ಸೌಂಡಣ್ಣ, ದೊಡ್ಡ ದೊಡ್ಡ ಬುದ್ಧಿಜೀವಿಗಳ ಮಂಡಿಯ ಇತಿಹಾಸವನ್ನು ತಾನೇ ಬರೆಯಬಲ್ಲೆ ಎಂದು ಆಡಿಕೊಳ್ಳುತ್ತಿದ್ದ.

ಈ ಕಥೆಯ ಹುಡುಗ ಮೊದಲ ಸಲ ಬಂದದ್ದು ಜಗಳಕ್ಕೆ. ಕುತೂಹಲದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ತೆಳ್ಳನೆಯ ಹುಡುಗ, ಸ್ಟುಡಿಯೋ ಬಾಗಿಲಲ್ಲಿ ನಿಂತು ಅವಳ ಮೇಲೆ ದೂರು ಹೇಳಿದ.

“ಹೋದ ವಾರ ಆ ಪ್ರೊಫೆಸರ್‌ಗೆ ಪ್ರಶ್ನೆ ಕೇಳಿ, ಉತ್ತರಾನೂ ನೀವೇ ಹೇಳಿದ್ರಿ. ಪಾಪ, ಅವರು ಬಂದಿದ್ಯಾಕೆ?”

ಅವಳಿಗೆ ಮೂಗಿನ ತುದಿಗೆ ಕೋಪ ಬಂತು. ಬಂದ ಕೋಪ ಅಲ್ಲಿಂದ ಮೇಲೆ ಹತ್ತಲಿಲ್ಲ. ಏಕೆಂದರೆ ಅವನು ಬೈಯುವಾಗಲೂ ನೆಲ ನೋಡುತ್ತಿದ್ದ, ಬೈದು ಮುಗಿಸಿ ಕಳ್ಳನಂತೆ ಒಮ್ಮೆ ಕಣ್ಣೆತ್ತಿದ. ಆ ಒಂದು ನೋಟದಲ್ಲಿ ಕ್ಷಮಾಪಣೆಯೂ ಇತ್ತು, ತುಂಟತನವೂ ಇತ್ತು.

“ನೀವು ಪುಸ್ತಕ ಬರೀರಿ. ನಿಮ್ಮನ್ನ ಕೂರಿಸಿಕೊಂಡು, ಬಾಯಿ ಮುಚ್ಕೊಂಡು ಕೇಳ್ತೀನಿ.”

“ಮಾತು ಕೊಟ್ಟ ಹಾಗಾ?”

“ಮಾತು ಕೊಟ್ಟೆ. ಮೊದಲನೇ ಸಂದರ್ಶನ ನಂದೇ.”

ಅವನು ಬರೆಯತೊಡಗಿದ. ವರ್ಷಗಳೇ ಉರುಳಿದವು. ಒಂದು ಪ್ಯಾರಾಕ್ಕೆ ಒಂದು ತಿಂಗಳು ಹಿಡಿಯುವ ಅವನಿಗೆ ಅವಳು ಆಮೆ ಎಂದು ಹೆಸರಿಟ್ಟಳು. ಅಷ್ಟರೊಳಗೆ ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟಿರಲಾಗದಂತಾಗಿತ್ತು. ಲೈಬ್ರರಿಯ ಎದುರು ಬೆಂಚಿನ ಮೇಲೆ ಅವನ ಭುಜಕ್ಕೆ ತಲೆಯಿಟ್ಟು ಅವಳು ಅಜ್ಜಿಯ ಕಥೆಗಳನ್ನೆಲ್ಲ ಹೇಳಿದಳು. ಅವನ ಅಮ್ಮನ ಬಿಪಿ, ಅಕ್ಕನ ಮಕ್ಕಳ ಕೀಟಲೆ, ಬಾಡಿಗೆ ಮನೆಯ ಸೋರುವ ನಲ್ಲಿ, ಎಲ್ಲವನ್ನೂ ಕೇಳಿದಳು. ಪುಸ್ತಕ ಒಂದನ್ನು ಬಿಟ್ಟು.

ಮೂರನೇ ಅಧ್ಯಾಯ ಕೈಗೇ ಹತ್ತುತ್ತಿಲ್ಲ, ಸ್ವಲ್ಪ ಕೇಳಿ ಹೇಳು ಎಂದು ಅವನು ಹಾಳೆ ತೆಗೆದರೆ ಇವಳು ಎರಡೂ ಕಿವಿ ಮುಚ್ಚಿಕೊಂಡು ನಗುತ್ತಿದ್ದಳು. “ಮೈಕಿನ ಮುಂದೆಯೇ ಹೇಳು ಮಾರಾಯಾ.” ಮೊದಮೊದಲು ಅವನೂ ನಗುತ್ತಿದ್ದ. ಆಮೇಲೆ ಸುಮ್ಮನೆ ಹಾಳೆ ಮಡಚಿ ಚೀಲಕ್ಕೆ ಹಾಕುತ್ತಿದ್ದ. ಆಮೇಲಾಮೇಲೆ ತೆಗೆಯುವುದನ್ನೇ ಬಿಟ್ಟ. ಅವಳಿಗೆ ಒಳಗೊಳಗೇ ಹಿಗ್ಗು. ಅವನ ಒಂದೊಂದು ಮಾತನ್ನೂ ಹೊಸದಾಗಿ ಕೇಳುವ ಆ ದಿನವನ್ನು ಅವಳು ಮದುವೆಯ ಸೀರೆಯಂತೆ ಮಡಿಕೆ ಮುರಿಯದೆ ಎತ್ತಿಟ್ಟಿದ್ದಳು.

ಅವನ ಪ್ರಕಾಶಕರ ಆಫೀಸಿನಲ್ಲಿ ಕರಡು ತಿದ್ದುವವಳೊಬ್ಬಳಿದ್ದಳು. ಕೆಲಸವೇ ಅದಾದ್ದರಿಂದ ಆಕೆ ಎಲ್ಲವನ್ನೂ ಕೇಳಿದಳು. ಇಲ್ಲಿ ಯಾಕೆ ಹೀಗೆ, ಅಲ್ಲಿ ಯಾಕೆ ಹಾಗೆ ಎಂದು ಸಾಲು ಸಾಲಿಗೂ ಅವನನ್ನು ತಡೆದು ಕೂರಿಸಿದಳು. ಮೂರನೇ ಅಧ್ಯಾಯ ಹದವಾಗಿ ಕೂತಿತು. ನಾಲ್ಕನೆಯದು ಓಡಿತು. ಆಮೆ ಓಡತೊಡಗಿದ್ದು ಯಾಕೆಂದು ಯಾಕಮ್ಮ ಕೇಳಲಿಲ್ಲ.

ಅವನೇ ಬಸ್‌ಸ್ಟಾಪಿನಲ್ಲಿ ಹೇಳಿದ. ಸುತ್ತಿ ಬಳಸಿ ಹೇಳಲಿಲ್ಲ, ಅಷ್ಟು ಮರ್ಯಾದೆ ಉಳಿಸಿದ. ಆಕೆಯನ್ನು ಮದುವೆಯಾಗುತ್ತಿದ್ದೇನೆ ಎಂದ. ಅವನ ಕಣ್ಣು ತುಂಬಿತ್ತು. ಅವಳ ಕಣ್ಣು ಬತ್ತಿಹೋಗಿತ್ತು. ಬಸ್ಸು ಬಂತು. ಯಾವ ಬಸ್ಸೆಂದು ನೋಡದೆ ಹತ್ತಿದಳು.

ಪುಸ್ತಕ ಸ್ಟುಡಿಯೋಗೆ ಬಂದಾಗ ಸೌಂಡಣ್ಣ ಅದನ್ನು ಬೇರೆ ಕಡತಗಳ ಕೆಳಗೆ ತಳ್ಳಿದ್ದ. ಅವಳೇ ಹುಡುಕಿ ತೆಗೆದಳು. ಬೇರೆಯವರು ಮಾಡಲಿ ಬಿಡಮ್ಮ, ನಿನಗ್ಯಾಕೆ ಈ ಶಿಕ್ಷೆ ಎಂದು ಅವನು ಅಂಗಲಾಚಿದ. ಕೊಟ್ಟ ಮಾತಿಗೂ ಮುರಿದ ಮನಸ್ಸಿಗೂ ಗಂಟು ಹಾಕಬೇಡ ಅಣ್ಣ ಎಂದು ಅವಳು ಪೆನ್ಸಿಲ್ ಹಿಡಿದು ಕೂತಳು. ಕೊನೆಯ ಪುಟದವರೆಗೂ ಓದಿದಳು. ಪುಸ್ತಕ ಕೆಟ್ಟದಾಗಿದ್ದರೆ ಎಷ್ಟೋ ಸುಲಭವಾಗಿರುತ್ತಿತ್ತು.

ಸಂದರ್ಶನದ ದಿನ ಅವನು ಬಂದ. ಸ್ವಲ್ಪ ಮೈ ತುಂಬಿಕೊಂಡಿದ್ದ. ಮೆಟ್ಟಿಲುಗಳ ಬಗ್ಗೆ ಮಾತಾಡಿದರು.

ಕೆಂಪು ದೀಪ ಹತ್ತಿತು. ಅವಳು ಕೇಳಿದಳು, ಅವನು ಹೇಳಿದ. ಕುತೂಹಲವನ್ನು ಒಂದು ಕಾಲಕ್ಕೆ ಜನ ತುರಿಕೆಯಂತೆ, ತಮಗೆ ಸಲ್ಲದ್ದನ್ನು ಕೆದಕುವ ರೋಗದಂತೆ ಕಂಡಿದ್ದರು. ಆಮೇಲೆ ಅದೇ ಅರಿವಿನ ತಾಯಿಯೆಂದು ಹಾಡಿ ಹೊಗಳಿದರು. ಇವೆರಡರ ನಡುವೆ ಇನ್ನೊಂದು ಸಣ್ಣ ದನಿಯಿತ್ತು ಎಂದ ಅವನು. ಇನ್ನೊಬ್ಬರನ್ನು ಪ್ರಶ್ನೆ ಕೇಳುವುದೂ ಒಂದು ಬಗೆಯ ಅಕ್ಕರೆ, ನೀನಿರುವುದು ನನಗೆ ಮುಖ್ಯ ಎಂದು ಹೇಳುವ ರೀತಿ.

ಅವಳ ಮುಂದಿದ್ದ ಹಾಳೆಯಲ್ಲಿ ಬೇರೆ ಪ್ರಶ್ನೆಯಿತ್ತು. ಅದನ್ನು ಅವಳು ಕೇಳಲಿಲ್ಲ.

“ಹಾಗಾದ್ರೆ, ಕೇಳದೆ ಸುಮ್ಮನಿರೋರು?”

“ಅವರಿಗೂ ಕುತೂಹಲ ಇರಬಹುದು. ನಮಗಿಂತ ಜಾಸ್ತೀನೇ ಇರಬಹುದು. ಆದ್ರೆ ಎದುರಿಗಿರೋನಿಗೆ ಅದು ಗೊತ್ತಾಗಲ್ಲ. ಅವನಿಗೆ ಬಾಗಿಲು ಹಾಕಿರೋದಷ್ಟೇ ಕಾಣುತ್ತೆ.”

“ಬಾಗಿಲ ಹಿಂದೇನೇ ಕಾಯ್ತಾ ನಿಂತಿದ್ರೂ?”

“ನಿಂತಿದ್ರೂ.” ಅವನು ಕಣ್ಣೆತ್ತಿ ಅವಳನ್ನು ನೋಡಿದ. “ಅದು ಅವನಿಗೆ ಗೊತ್ತಾಗೋದು ತುಂಬಾ ತಡವಾಗಿ.”

ಗಾಜಿನಾಚೆ ಸೌಂಡಣ್ಣನ ಕೈ ಗುಂಡಿಯ ಮೇಲೇ ನಿಂತಿತು, ನಿಲ್ಲಿಸಲೇ ಎಂಬಂತೆ. ಅವಳು ತಲೆಯಾಡಿಸಿದಳು, ಬೇಡ. ನೀರು ಕುಡಿದಳು. ಉಳಿದ ಅಧ್ಯಾಯಗಳ ಬಗ್ಗೆ ಕೇಳಿದಳು, ಒಂದನ್ನೂ ಬಿಡಲಿಲ್ಲ. ಅವನು ಹೇಳುವಾಗ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಮೈಕಿಗೆ ಹತ್ತಿರವಾದಳು.

“ಕೇಳುಗರೇ, ಈ ಕಾರ್ಯಕ್ರಮದಲ್ಲಿ ಯಾವ ಪುಸ್ತಕಾನೂ ಚೆನ್ನಾಗಿದೆ ಅಂತ ನಾನು ಹೇಳಿದವಳಲ್ಲ. ಅದು ನಿಮಗೆ ಬಿಟ್ಟಿದ್ದು. ಇವತ್ತು ಹೇಳ್ತೀನಿ. ಇದು ತುಂಬಾ ಚೆನ್ನಾಗಿದೆ. ಇಷ್ಟು ವರ್ಷ ಕಾದಿದ್ದು ದಂಡ ಆಗಲಿಲ್ಲ.”

ಕೆಂಪು ದೀಪ ಆರಿತು. ಅವಳು ಹೆಡ್‌ಫೋನ್ ತೆಗೆದು ಮೊಳೆಗೆ ಸಿಕ್ಕಿಸಿದಳು. ಕೊಟ್ಟ ಮಾತು ತೀರಿತ್ತು.