ಸಪ್ಪಳ ನಿಂತ ಕೆಂಪು ಕಾರು

ಢಂ...!

ಮಸ್ಕಿಯ ಬಜಾರದಲ್ಲಿ ಗುಂಡು ಹಾರಿದಂಥ ಸಪ್ಪಳ! ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ ತುಳಿಯುತ್ತಿದ್ದ ಗುರುಲಿಂಗಮ್ಮ ಬೆಚ್ಚಿಬಿದ್ದಳು. ಟೀಚರಮ್ಮನ ಹೊಸ ಜಂಪರಿನ ತೋಳಿನ ಮೇಲೆ ಹೊಲಿಗೆ ಅಡ್ಡಾದಿಡ್ಡಿ ಓಡಿತು.

"ಯಾವಾನಂವ...!"

ಜಂಪರು ಹಿಡಿದುಕೊಂಡೇ ಅವಳು ದಡದಡ ಹೊರಗೆ ಬಂದಳು. ಅಂಗಡಿಯ ಮುಂದೆ ಎರಡೇ ಬಾಗಿಲಿನ ಒಂದು ಕೆಂಪು ಕಾರು ಹೊಗೆ ಕಾರುತ್ತ ನಿಂತಿತ್ತು. ಬಾನೆಟ್ಟಿನೊಳಗೆ ತಲೆ ತೂರಿಸಿದ್ದ ಯುವಕನ ಬೆನ್ನಷ್ಟೇ ಕಾಣುತ್ತಿತ್ತು.

"ಏನ್ರೀ! ಇದು ಕಾರೋ, ಹಿಟ್ಟಿನ ಗಿರಣಿಯೋ?"

ಅವನು ತಲೆ ಎತ್ತಿದ. ಮೂಗಿನ ಮೇಲೆ ಮಸಿ, ಕಣ್ಣಲ್ಲಿ ನಗು.

"ಸ್ಪೋರ್ಟ್ಸ್ ಕಾರ್ ರೀ!" ಅಂದ, ಅಷ್ಟು ಹೊಗೆಯ ನಡುವೆಯೂ ಹೆಮ್ಮೆಯಿಂದ.

"ಹೌದೇನ್ರೀ? ಈಗರ ಒಂದು ಎತ್ತಿನ ಬಂಡಿ ನಿಮ್ಮನ್ನ ದಾಟಿ ಹೋತು! ನೋಡ್ರಿ ಈ ಜಂಪರ್... ನಿಮ್ಮ ಸಪ್ಪಳಕ್ಕ ಹಿಂಗಾಗೈತಿ. ಇದನ್ನ ಯಾರು ತೊಟ್ಕೋಬೇಕು?"

ಅವನು ಜಂಪರನ್ನು ಗಂಭೀರವಾಗಿ ನೋಡಿದ. "ನನಗಂತೂ ಆಗಂಗಿಲ್ರೀ..."

ಗುರುಲಿಂಗಮ್ಮನಿಗೆ ನಗು ಉಕ್ಕಿ ಬಂತು. ತುಟಿ ಕಚ್ಚಿಕೊಂಡು ಒಳಗೆ ಓಡಿದಳು. ಹೊಲಿಗೆ ಬಿಚ್ಚಲು ಕೂತರೆ ಕೈ ಕೆಲಸ ಮಾಡಲೊಲ್ಲದು!

ಅವನ ಹೆಸರು ಅಮರಗುಂಡ. ಸಿಂಧನೂರಿನಲ್ಲಿ ಅವನ ಅಣ್ಣನಿಗೆ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇತ್ತು. ಅಲ್ಲಿಂದ ಬೇರಿಂಗು, ಬೆಲ್ಟು ತುಂಬಿಕೊಂಡು ಮಸ್ಕಿ ದಾಟಿ ದಿನವೂ ಲಿಂಗಸೂರಿಗೆ ಮುಟ್ಟಿಸುವುದು ಇವನ ಕೆಲಸ. ಆ ಕಾರು ಹೈದರಾಬಾದಿನ ಯಾವುದೋ ದೊಡ್ಡ ಮನೆಯ ಹಿತ್ತಲಲ್ಲಿ ಕೋಳಿಗಳಿಗೆ ಗೂಡಾಗಿ ಬಿದ್ದಿತ್ತಂತೆ. ಅಗ್ಗಕ್ಕೆ ಸಿಕ್ಕಿತೆಂದು ಎಳೆದುಕೊಂಡು ಬಂದಿದ್ದ.

ಅವನಿಗೆ ಒಂದೇ ಆಸೆ. ಮಸ್ಕಿ ದಾಟಿದ ಮೇಲೆ ಬರುವ ಏರಿನಲ್ಲಿ ಜಂಗ್ಲಿಸಾಬನ ಲಿಂಗಸೂರು ಬಸ್ಸನ್ನು ಹಿಂದೆ ಹಾಕಬೇಕು! ಸೈಲೆನ್ಸರ್ ಕತ್ತರಿಸಿದರೆ ಓಟ ಬರುತ್ತದೆ ಅಂತ ಗೆಳೆಯನೊಬ್ಬ ಹೇಳಿದ್ದ. ಕತ್ತರಿಸಿದ. ಸಪ್ಪಳ ಬಂತು, ಓಟ ಬರಲಿಲ್ಲ.

ಎಂಟು ದಿನಕ್ಕೆ ಮತ್ತೆ ಬಂದ, ಬಗಲಲ್ಲಿ ರೆಕ್ಸಿನ್ ಬಟ್ಟೆಯ ಸುರುಳಿ ಹಿಡಿದುಕೊಂಡು.

"ಸೀಟಿನ ಕವರ್ ಹೊಲಿಬೇಕಿತ್ರೀ."

"ಸಿಂಧನೂರಿನ್ಯಾಗ ಟೇಲರ್ ಇಲ್ಲೇನ್ರೀ?"

"ಅದಾರ್ರೀ... ಆದ್ರ ಬೈಯಂಗಿಲ್ಲ."

ಗುರುಲಿಂಗಮ್ಮ ಕಣ್ಣರಳಿಸಿದಳು. ಇವನೆಂಥವನು ಮಾರಾಯ! ಆದರೂ ಹೊಲಿಯಲು ಒಪ್ಪಿಕೊಂಡಳು. ರೆಕ್ಸಿನ್ ಹೊಲಿದು ಸೂಜಿಗಳು ಮುರಿದವು, ಬೆರಳು ನೊಂದಿತು. ಕೆಲಸ ಬೇಗ ಮುಗಿಸುವ ಮನಸ್ಸು ಮಾತ್ರ ಅವಳಿಗೆ ಬರಲಿಲ್ಲ. ಅಳತೆ ನೋಡಬೇಕು ಅಂತ ಅವಳೂ ಕರೆಸುವಳು, ಅಳತೆ ಸರಿ ಇದೆಯೇ ಅಂತ ಅವನೂ ಬರುವನು.

ಬಂದಾಗೆಲ್ಲ ಕಾರಿನದೇ ಮಾತು.

"ನಮ್ಮ ಚಾಂದ್‌ಪಾಷಾ ಮಿಸ್ತ್ರಿ ಏನಂತಾನ ಗೊತ್ತೇನ್ರೀ? ಕಾರಿಗೆ ಮೊದಲು ನಿಂದರೂದು ಕಲಿಸು, ಆಮ್ಯಾಲೆ ಓಡೂದು ಕಲಿಸು ಅಂತಾನ. ಹಂಗಾಗಿ ಬ್ರೇಕ್ ಮಾಡಿಸೀನಿ."

ಮುಂದಿನ ಸಲ ಟೈರು. ಅದರ ಮುಂದಿನ ಸಲ ಕಾರ್ಬುರೇಟರ್ ಬಿಚ್ಚಿ ತೊಳೆಸಿ, ಪ್ಲಗ್ ಬದಲಿಸಿ ಬಂದಿದ್ದ. ಕೈಯಲ್ಲಿ ಇದ್ದಷ್ಟರಲ್ಲೇ ಒಂದೊಂದಾಗಿ ಮಾಡಿಸುತ್ತಿದ್ದ. ಹೊಸದಾಗಿ ಮಾಡಿಸಿದ್ದನ್ನು ಮೊದಲು ಹೇಳಲು ಅವನು ಓಡಿಬರುತ್ತಿದ್ದದ್ದು ಇಲ್ಲಿಗೇ. ನನಗೇ ಯಾಕೆ ಹೇಳುತ್ತಾನೆ? ಈ ಪ್ರಶ್ನೆ ಗುರುಲಿಂಗಮ್ಮನಿಗೆ ನಿದ್ದೆ ಕೊಡುತ್ತಿರಲಿಲ್ಲ, ಕೆಟ್ಟ ನಿದ್ದೆಯೂ ಹಿತವಾಗಿತ್ತು!

ದಿನವೂ ಕೆರೆಯ ಕಡೆಯಿಂದ ಆ ಸಪ್ಪಳ ಕೇಳಿದರೆ ಸಾಕು, ಬಣ್ಣ ಬಿಸಿಲಲ್ಲಿ ನೋಡಬೇಕು ಅಂತ ಯಾವುದೋ ಬಟ್ಟೆ ಹಿಡಿದು ಬಾಗಿಲಿಗೆ ಬರುವಳು. ಅವನು ಕೈ ಎತ್ತುವನು. ಗಲ್ಲಾದ ಮೇಲೆ ಕೂತ ಅಪ್ಪ ಬಸವಂತರಾಯ ಕಿವಿ ಮುಚ್ಚಿಕೊಳ್ಳುವನು.

ಕವರು ತಯಾರಾದ ದಿನ ಅಪ್ಪ ಗಿರಾಕಿಗಳ ಗದ್ದಲದಲ್ಲಿದ್ದ. ಅಮರಗುಂಡ ಮೆಲ್ಲಗೆ ಕೇಳಿದ:

"ಮನಿಯಿಂದ ಹಿರಿಯರನ್ನ ಕಳಸಲೇನ್ರೀ...?"

ಗುರುಲಿಂಗಮ್ಮ ಮಡಚಿದ್ದ ಕವರನ್ನು ಬಿಚ್ಚಿ ಮತ್ತೆ ಮಡಚಿದಳು. ಹೂಂ ಅನ್ನಬೇಕು. ಆದರೆ ಹುಡುಗಿ ಬಾಯಿಬಿಟ್ಟು ಹೂಂ ಅನ್ನುವುದುಂಟೇ?

"ಮೊದಲು ಆ ಸಪ್ಪಳ ಬಂದ್ ಮಾಡಸ್ರಿ," ಅಂದಳು ತಲೆ ಬಗ್ಗಿಸಿ. "ನಮ್ಮಪ್ಪಗ ಅದನ್ನ ಕೇಳಿದ್ರ ತಲಿ ನೋಯ್ತದ. ಹಾರ್ನ್ ಅಂತೂ ಹೊಡಿಲೇಬ್ಯಾಡ್ರಿ."

"ಮಾಡಸ್ತೀನ್ರೀ! ಮಾಡಿಸ್ಕೊಂಡು ಬಂದು ಅಂಗಡಿ ಮುಂದ ನಿಂದರ್ತೀನಿ. ನೀವು ಬಾಗಲಿಗೆ ಬಂದ್ರ ಒಪ್ಪಿಗಿ ಅಂತ ತಿಳ್ಕೊಂತೀನಿ. ಬರಲಿಲ್ಲಂದ್ರ... ಒತ್ತಾಯ ಏನಿಲ್ರೀ."

ಬರದೇ ಇರ್ತೀನೇನೋ ಹುಚ್ಚ! ಆದರೆ ಅದು ಅವಳ ಮನಸ್ಸಿನಲ್ಲೇ ಉಳಿಯಿತು.

ಆಮೇಲೆ?

ಆಮೇಲೆ ಏನೂ ಇಲ್ಲ! ಒಂದು ದಿನ ಹೋಯಿತು, ಒಂದು ವಾರ ಹೋಯಿತು. ಕೆರೆಯ ಕಡೆಯಿಂದ ಲಾರಿಯ ಸಪ್ಪಳ ಬಂತು, ಟ್ರ್ಯಾಕ್ಟರಿನ ಸಪ್ಪಳ ಬಂತು, ಆ ಸಪ್ಪಳ ಮಾತ್ರ ಬರಲಿಲ್ಲ. ಗುರುಲಿಂಗಮ್ಮ ಮಿಷಿನ್ ನಿಲ್ಲಿಸಿ ಕಿವಿಗೊಡುವಳು, ನಿಟ್ಟುಸಿರು ಬಿಟ್ಟು ಮತ್ತೆ ತುಳಿಯುವಳು.

ನನ್ನ ಮಾತು ಚುಚ್ಚಿತೇನೋ... ಪ್ರೀತಿಯಿಂದ ಕೇಳಿದವನಿಗೆ ಸಪ್ಪಳದ ತಕರಾರು ಹೇಳಿದೆನಲ್ಲ! ಸಿಟ್ಟಿಗೆದ್ದು ದಾರಿಯನ್ನೇ ಬಿಟ್ಟನೇ?

ಅಂಥದರಲ್ಲೇ ಅಪ್ಪ ಬಂದು ಪಕ್ಕದಲ್ಲಿ ಕೂತ.

"ಗುರುಲಿಂಗವ್ವ, ಲಿಂಗಸೂರಿನಿಂದ ನಾಳೆ ನಿನ್ನ ನೋಡಾಕ ಬರ್ತಾರ. ಚಲೋ ಮಂದಿ. ನೀ ಹೂಂ ಅಂದ್ರ ನಾಳೇನ ಮಾತು ಮುಗಿಸಿಬಿಡ್ತೀನಿ. ನಿನ್ನ ಮನಸಿನ್ಯಾಗ ಏನರ ಇದ್ರ ಈಗ ಹೇಳು."

ಹೇಳಲು ಏನಿದೆ? ಬರದೇ ಹೋದವನ ಹೆಸರು ಹೇಳಲೇ?

"ನೀ ಹೇಳ್ದಂಗ ಆಗ್ಲಿ ಅಪ್ಪ..." ಅಂದಳು. ಅಪ್ಪ ಎದ್ದು ಹೋದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದು ಮಧ್ಯಾಹ್ನವೇ ಎದುರಿನ ಕಟ್ಟೆಯ ಮೇಲೆ ಬಳೆ ಮಾರುವ ಮೆಹಬೂಬ್‌ಬೀ ನೀರು ಕುಡಿಯಲು ಒಳಗೆ ಬಂದಳು. ತಂಬಿಗೆ ಕೆಳಗಿಟ್ಟವಳೇ ಬೈಯತೊಡಗಿದಳು.

"ಎಂಥ ಕಲ್ಲು ಮನಸಿನಾಕಿ ಬೇ ನೀ! ಆ ಕೆಂಪು ಕಾರಿನ್ಯಾಂವ ದಿನಾ ಬಂದು ನಿಂದರ್ತಾನ. ಬಾಗಲಾ ನೋಡ್ತಾನ, ನೋಡ್ತಾನ... ಮಾರಿ ಸಣ್ಣದು ಮಾಡ್ಕೊಂಡು ಹೋಗ್ತಾನ!"

"ಯಾರು?! ದಿನಾ?! ಸುಳ್ಳ ಹೇಳಬ್ಯಾಡ ಮೆಹಬೂಬ್‌ಬೀ, ಸಪ್ಪಳಾನ ಇಲ್ಲಲ್ಲ!"

"ಸಪ್ಪಳ ಎಲ್ಲೈತಿ ಈಗ? ಹೊಸಾ ಸೈಲೆನ್ಸರ್ ಹಾಕ್ಸ್ಯಾನಂತ. ಬೆಕ್ಕು ಬಂದಂಗ ಬರ್ತಾನ, ಬೆಕ್ಕು ಹೋದಂಗ ಹೋಗ್ತಾನ!"

ಗುರುಲಿಂಗಮ್ಮ ಕತ್ತರಿ ಬಿಸಾಕಿ ಎದ್ದು ನಿಂತಳು. ಸಪ್ಪಳ ನಿಲ್ಲಿಸು ಅಂದವಳು ತಾನೇ. ಬಾಗಿಲಿಗೆ ಬರಲು ಆ ಸಪ್ಪಳವನ್ನೇ ಕಾಯುತ್ತ ಕೂತವಳೂ ತಾನೇ! ದೇವರೇ... ದಿನವೂ ಅವನಿಗೆ ಒಲ್ಲೆ ಅಂದಂತಾಯಿತಲ್ಲ!

"ಈಗ ಎಲ್ಲಿ ಅದಾನ?"

"ಈಗರ ಹೋದ. ಲಿಂಗಸೂರಿನ್ಯಾಗ ಒಬ್ಬಗ ಕಾರ್ ಕೊಟ್ಟುಬಿಡ್ತೀನಿ, ನಾಳಿಂದ ಈ ರಸ್ತೆಗೇ ಬರಂಗಿಲ್ಲ ಅಂದ. ಕಣ್ಣಾಗ ನೀರಿತ್ತು ಬೇ..."

ನಾಚಿಕೆಯೆಲ್ಲ ಎತ್ತ ಹಾರಿತೋ! ಗುರುಲಿಂಗಮ್ಮ ನೇರವಾಗಿ ಗಲ್ಲಾದ ಮುಂದೆ ಬಂದು ನಿಂತಳು.

"ಅಪ್ಪ, ನನ್ನ ಮನಸಿನ್ಯಾಗ ಐತಿ!"

"ಏನೈತಿ?"

"ಕೆಂಪು ಕಾರಿನ್ಯಾಂವ..."

ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಸಪ್ಪಳವಿಲ್ಲದೆ ಬಂದು ನಿಲ್ಲುತ್ತಿದ್ದ ಆ ಕಾರನ್ನು ಬಸವಂತರಾಯ ದಿನವೂ ಕಂಡಿದ್ದ, ಯಾಕೆಂದು ಮಾತ್ರ ಕೇಳಿರಲಿಲ್ಲ.

"ನಾ ಊರೂರು ಗಂಡು ಹುಡುಕಾಕತ್ತೀನಿ, ನೀ ಒಳಗ ಕುಂತು ಕಾರಿನ ಸಪ್ಪಳ ಹುಡುಕಾಕತ್ತೀಯೇನು?"

ಅವಳು ತಲೆ ಬಗ್ಗಿಸಿದಳು. ಕಣ್ಣೀರು ಹನಿಯಿತು. ತಾಯಿಯಿಲ್ಲದ ಮಗಳ ಕಣ್ಣೀರನ್ನು ಬಸವಂತರಾಯ ಎಂದೂ ತಡೆದುಕೊಂಡವನಲ್ಲ. ಅಂಗಡಿಯನ್ನು ಮೆಹಬೂಬ್‌ಬೀಗೆ ನೋಡಿಕೊಳ್ಳಲು ಹೇಳಿ, ಹೆಗಲಿಗೆ ವಲ್ಲಿ ವಸ್ತ್ರ ಹಾಕಿಕೊಂಡ.

"ನಡಿ! ಬಸ್ಸು ನಿಂತೈತಿ."

ಬಸ್ಸು ಊರು ದಾಟುತ್ತಲೇ ಏರಿನಲ್ಲಿ ಕೆಂಪು ಕಾರು ಕಂಡಿತು. ಮನಸ್ಸಿಲ್ಲದ ಮನಸ್ಸಿನಿಂದ ನಿಧಾನವಾಗಿ ಹೊರಟಿತ್ತು.

"ಜಂಗ್ಲಿಸಾಬ್, ಆ ಕಾರ್ ಹಿಡಿಯೋ!" ಅಂದ ಅಪ್ಪ.

ಜಂಗ್ಲಿಸಾಬ್ ಹಾರ್ನ್ ಬಾರಿಸಿದ. ಬಸವಂತರಾಯ ಕಿಟಕಿಯಿಂದ ವಲ್ಲಿ ಬೀಸಿದ. "ನಿಂದ್ರೋ...! ಏ, ನಿಂದ್ರೋ...!" ಸಪ್ಪಳ ಅಂದರೆ ಆಗದ ಅಪ್ಪ ಹೀಗೆ ಕೂಗುವುದನ್ನು ಗುರುಲಿಂಗಮ್ಮ ಜನ್ಮದಲ್ಲಿ ಕೇಳಿರಲಿಲ್ಲ!

ಅಮರಗುಂಡ ಕನ್ನಡಿಯಲ್ಲಿ ನೋಡಿದ. ಹಿಂದೆ ಜಂಗ್ಲಿಸಾಬನ ಬಸ್ಸು, ಹಾರ್ನು, ಯಾರೋ ಬೀಸುತ್ತಿದ್ದ ಬಟ್ಟೆ! ಕಾರು ಮಾರುವ ದಿನವೂ ಬಸ್ಸಿನವರು ತನ್ನನ್ನು ಕೆಣಕುತ್ತಿದ್ದಾರೆ ಅಂದುಕೊಂಡ ಆ ಪುಣ್ಯಾತ್ಮ, ಗೇರ್ ಬದಲಿಸಿ ಕಾಲು ಒತ್ತಿದ!

ಚಾಂದ್‌ಪಾಷಾನ ಕೈಗುಣ ಸುಳ್ಳಾಗಲಿಲ್ಲ. ಕಾರು ಏರನ್ನು ಹಾರಿಕೊಂಡು ಹೋಗಿ ಕಣ್ಮರೆಯಾಯಿತು.

"ಇನ್ನ ಆಗಂಗಿಲ್ಲ ಸಾವುಕಾರ್ರೆ," ಅಂದ ಜಂಗ್ಲಿಸಾಬ್. "ಅದು ಮೊದಲಿನ ಕಾರ್ ಅಲ್ಲ."

"ಹುಚ್ಚ ಅದಾನಲ್ಲವ್ವ ನಿನ್ನ ಹುಡುಗ!" ಅಂತ ಬಸವಂತರಾಯ ಹಣೆ ಚಚ್ಚಿಕೊಂಡ.

ನಿನ್ನ ಹುಡುಗ! ಅಪ್ಪನ ಬಾಯಲ್ಲಿ ಆ ಮಾತು ಕೇಳಿ ಗುರುಲಿಂಗಮ್ಮನಿಗೆ ಅಳುವಿನ ನಡುವೆಯೂ ಮೈ ಜುಮ್ಮೆಂದಿತು. ಆದರೆ ಆ ಹುಡುಗ ಎಲ್ಲಿ?

ಸಂತೆಕಲ್ಲೂರು ಕ್ರಾಸಿನಲ್ಲಿ, ಜೋಳದ ಹೊಲದ ಬದಿಗೆ ಕಾರು ನಿಂತಿತ್ತು! ಅಮರಗುಂಡ ಬೇವಿನ ಗಿಡದ ಕೆಳಗೆ ಮೊಣಕಾಲು ಹಿಡಿದು ಕೂತಿದ್ದ. ಬಸ್ಸನ್ನು ಸೋಲಿಸಿದ್ದ. ಆ ಸುದ್ದಿಯನ್ನು ಯಾರಿಗೆ ಹೇಳಬೇಕು ಅಂತ ನೆನಪಾದ ಕೂಡಲೇ ಮುಂದೆ ಹೋಗಲು ಕಾಲು ಬರಲಿಲ್ಲ.

ಬಸ್ಸು ನಿಂತಿತು. ಗುರುಲಿಂಗಮ್ಮ ಇಳಿದು ಓಡಿದಳು.

"ನನಗ ಕೇಳಿಸ್ಲೇ ಇಲ್ರೀ!" ಅಂದಳು ಏದುಸಿರಿನಲ್ಲಿ. "ನೀವು ಬಂದದ್ದು ಗೊತ್ತಾಗಲಿಲ್ಲ! ದಿನಾ ನಿಮ್ಮ ಸಪ್ಪಳಾನ ಕಾಯ್ಕೋತ ಕುಂತಿದ್ದೆ!"

ಅವನು ಅವಳನ್ನೂ ಕಾರನ್ನೂ ಮತ್ತೆ ಅವಳನ್ನೂ ನೋಡಿದ. ಅರ್ಥವಾಯಿತು.

"ಅಂದ್ರ... ಒಲ್ಲೆ ಅಂದಿಲ್ಲೇನ್ರೀ ನೀವು?"

"ಒಲ್ಲೆ ಅನ್ನಾಕಿ ಬಸ್ ಹತ್ತಿ ಬರ್ತಾಳೇನ್ರೀ?"

ಅವನು ನಕ್ಕ, ಅತ್ತ, ಎರಡೂ ಒಟ್ಟಿಗೇ! ಹಿಂದಿನಿಂದ ಬಸವಂತರಾಯ ಕೆಮ್ಮಿದ. ಅಮರಗುಂಡ ಗಡಬಡಿಸಿ ಅವನ ಕಾಲು ಮುಟ್ಟಿದ.

"ಸಾಕೇಳಪ್ಪ. ನಿಮ್ಮ ಹಿರಿಯರನ್ನ ಕಳಸು. ಈಗ ಲಿಂಗಸೂರಿಗೆ ನಡಿ. ನಾಳೆ ಬರಬ್ಯಾಡ್ರಿ ಅಂತ ಆ ಮಂದಿಗೆ ನಾನೇ ಕೈ ಮುಗಿದು ಹೇಳಬೇಕು."

ಲಿಂಗಸೂರಿನಲ್ಲಿ ಆ ಮನೆಯ ಮುಂದೆ ಕಾರು ನಿಂತಿತು. ಬಸವಂತರಾಯ ಒಳಗೆ ಹೋದ. ಹಿಂದಿನ ಸೀಟಿನಲ್ಲಿ ಅವಳು, ಮುಂದೆ ಅವನು.

ಗುರುಲಿಂಗಮ್ಮ ಮುಂದಕ್ಕೆ ಬಾಗಿ ಅಂದಳು, "ಇನ್ನ ಮ್ಯಾಲೆ ಸನ್ನೆ ಗಿನ್ನೆ ಏನೂ ಬ್ಯಾಡ್ರಿ. ಮನಸಿನ್ಯಾಗ ಇದ್ದದ್ದನ್ನ ಬಾಯಿಬಿಟ್ಟು ಹೇಳೋಣು."

"ಹಂಗಾದ್ರ ನೀವ ಮೊದಲು ಹೇಳ್ರಿ."

ಅವಳ ಕೆನ್ನೆ ಕೆಂಪಾಯಿತು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ನೀವಂದ್ರ... ನನಗ ಭಾಳ ಜೀವ ರೀ."

ಅವನು ಸ್ಟೀರಿಂಗ್ ಹಿಡಿದು ಮುಂದೆಯೇ ನೋಡುತ್ತ ಕೂತಿದ್ದ.

"ಏನ್ರೀ... ಕೇಳಿಸ್ಲಿಲ್ಲೇನು?" ಅಂದಳು ಗಾಬರಿಯಿಂದ.

"ಕೇಳಿಸ್ತು," ಅಂದ ಅಮರಗುಂಡ. ಈಗ ಹಿಂದಕ್ಕೆ ತಿರುಗಿದ. "ಇನ್ನೊಮ್ಮೆ ಹೇಳ್ರಿ."

ಅವಳು ಇನ್ನೊಮ್ಮೆ ಹೇಳಿದಳು.