ಅಜ್ಜಿಯ ಎಲೆ, ಅರಮನೆಯ ಸೌಟು

ಬಹಳ ಹಿಂದೆ ಕಂಚಿನಕೋಟೆ ಎಂಬ ರಾಜ್ಯವಿತ್ತು. ಪ್ರಜೆಗಳು ಕೊಟ್ಟ ಧಾನ್ಯದಲ್ಲಿ ಒಂದು ಪಾಲನ್ನು ಅಲ್ಲಿನ ರಾಜ ಮುದುಕರಿಗೆ, ಅನಾಥರಿಗೆ, ಕೈಲಾಗದವರಿಗೆ ಎಂದು ಎತ್ತಿಡುತ್ತಿದ್ದ. ಆ ಪಾಲನ್ನು ಹೇಗೆ ಖರ್ಚು ಮಾಡಬೇಕೆಂದು ಊರಿಗೆ ಊರೇ ಬಯಲಿನ ದೊಡ್ಡ ಕೊಪ್ಪರಿಗೆಯ ಸುತ್ತ ಕೂತು ಚರ್ಚಿಸುತ್ತಿತ್ತು. ಸೌಟು ಹಿಡಿದವರೇ ಮಾತಾಡಬೇಕು. ಅವರ ಮುಂದೆ ಯಾರಾದರೂ ಎಲೆ ಹಾಸಿದರೆ ಮೊದಲು ಬಡಿಸಬೇಕು, ಆಮೇಲೆ ಮಾತು. ಬಡಿಸದೆ ಬಾಯಿಬಿಟ್ಟವನು ಗಾಳಿಪಾಲಾಗುತ್ತಾನೆ ಎಂಬ ಶಾಪವಿತ್ತು.

ಆ ರಾಜ್ಯದಲ್ಲಿ ಹಸಿದವರು ಹಗುರಾಗಿ ನೆಲಬಿಟ್ಟು ಏಳುತ್ತಿದ್ದರು. ದಂಭಾಲನೆಂಬ ಮಾಂತ್ರಿಕ ಮಂತ್ರಿಯಾದ ಮೇಲೆ ಎಷ್ಟೋ ಜನ ಹಾಗೆಯೇ ಹಾರಿಹೋದರು. ಅವನು ಅನ್ನದ ಸುದ್ದಿ ಸಾರಲು ಚಿನ್ನದ ನವಿಲು ತಂದ, ಕೊಪ್ಪರಿಗೆ ಕಾಯಲು ಹುಲಿ ತಂದ, ಹಸಿದವರನ್ನು ಪರೀಕ್ಷಿಸಲು ಸರ್ಪ ತಂದ. ಮೂರೂ ತಿಂದಿದ್ದು ಬಡವರ ಪಾಲನ್ನೇ. ಸಭೆ ಮಾತ್ರ ನವಿಲಿಗೆ ಗೆಜ್ಜೆ ಬೇಕೋ ಬೇಡವೋ ಎಂದು ಜಗಳಾಡುತ್ತಿತ್ತು. ಜಾಣರ ಸಭೆ ನೋಡಿ, ಕೊಪ್ಪರಿಗೆಯ ಮುಚ್ಚಳ ತೆಗೆಯಲು ಒಬ್ಬರಿಗೂ ಹೊಳೆಯಲಿಲ್ಲ.

ಬುಟ್ಟಿ ಹೆಣೆಯುವ ಸಿಂಗಾರಿ ತನ್ನ ತುಂಗಜ್ಜಿಯನ್ನು ಸೊಂಟಕ್ಕೆ ಹಗ್ಗದಿಂದ ಕಟ್ಟಿಕೊಂಡು ಸಭೆಗೆ ಬಂದಳು. ಅಜ್ಜಿ ಅವಳ ತಲೆಯ ಮೇಲೆ ತೇಲುತ್ತಿದ್ದಳು. ಸಂಜೆಗಾಳಿ ಬೀಸುವ ಮುಂಚೆ ಹೊಟ್ಟೆಗೆ ಬೀಳದಿದ್ದರೆ ಹಗ್ಗವೂ ತಡೆಯುವಂತಿರಲಿಲ್ಲ.

ನವಿಲು ಗರಿಬಿಚ್ಚಿ ಕೂಗಿತು, "ಎಲ್ಲರ ಹೊಟ್ಟೆ ತುಂಬಿದೆ!"

"ನಮ್ಮಜ್ಜಿ ಎಲೆ ಖಾಲಿ," ಎಂದಳು ಸಿಂಗಾರಿ. ನವಿಲು ಗರಿ ಮುದುಡಿಕೊಂಡಿತು.

ಹುಲಿ ಗುರುಗುಟ್ಟಿತು, "ಕದಿಯೋಕೆ ಬಂದೆಯಾ?"

"ಕದಿಯೋರು ಅಜ್ಜೀನ ಕಟ್ಕೊಂಡು ಬರ್ತಾರಾ? ನಮ್ಮಜ್ಜಿ ಎಲೆ ಖಾಲಿ." ಹುಲಿ ನಾಚಿ ಪಕ್ಕಕ್ಕೆ ಸರಿಯಿತು.

ಸರ್ಪ ಹೆಡೆಯೆತ್ತಿತು, "ಹಸಿದಿದ್ದಕ್ಕೆ ಸಾಕ್ಷಿ ಏನು?"

ಸಿಂಗಾರಿ ಕಣ್ಣುಮುಚ್ಚಿ ಹಗ್ಗವನ್ನು ಸಡಿಲ ಬಿಟ್ಟಳು. ಅಜ್ಜಿ ಸರ್ರನೆ ಮೇಲೇರಿದಳು. "ಅಯ್ಯೋ, ಹಿಡ್ಕೊಳೇ ಹುಡುಗಿ!" ಎಂಬ ಕೂಗಿಗೆ ಸಭೆ ತಲೆಯೆತ್ತಿ ನೋಡಿತು. ಸಿಂಗಾರಿ ಹಗ್ಗ ಜಗ್ಗಿದಳು. ಸರ್ಪ ದಾರಿ ಬಿಟ್ಟಿತು.

ದಂಭಾಲ ಸೌಟು ಹಿಡಿದು ಭಾಷಣದ ಮಧ್ಯದಲ್ಲಿದ್ದ. ಸಿಂಗಾರಿ ಅವನ ಮುಂದೆ ಅಜ್ಜಿಯ ಎಲೆ ಹಾಸಿದಳು.

"ಬಡಿಸಿ ಮಾತಾಡಿ, ಸ್ವಾಮಿ."

ದಂಭಾಲ ಕೊಪ್ಪರಿಗೆಗೆ ಸೌಟು ಹಾಕಿದ. ಖರ್ ಎಂದು ತಳ ಕೆರೆದ ಸದ್ದು ಬಯಲಿಗೆಲ್ಲ ಕೇಳಿಸಿತು. ರಾಜ ಎದ್ದು ನಿಂತ. "ಅನ್ನ ಎಲ್ಲಿ?"

"ಪ್ರಭು, ಅದು ಏನಾಯಿತೆಂದರೆ..." ಎಂದು ದಂಭಾಲ ಬಾಯಿಬಿಟ್ಟ. ಬಿಟ್ಟಿದ್ದೇ ತಡ, ಕಾಲುಗಳು ನೆಲಬಿಟ್ಟವು. ಅವನು ಹತ್ತಿಯ ಎಳೆಯಂತೆ ಹಾರಿಹೋದ. ಮಂತ್ರ ಮುರಿದು ನವಿಲು ನವಣೆಯಾಗಿ, ಹುಲಿ ರಾಗಿಯಾಗಿ, ಸರ್ಪ ಜೋಳವಾಗಿ ರಾಶಿಬಿದ್ದವು.

"ಒಲೆ ಹಚ್ರೋ!" ಎಂದು ರಾಜನೇ ಕೂಗಿದ. ಗಂಜಿ ಬೆಂದಿತು. ಅಂದಿನಿಂದ ಹಸಿದವರಿಗೆ ಬಡಿಸದೆ ಸಭೆ ಶುರುವಾಗಲಿಲ್ಲ. ವಾದ ನಿಂತಿತೆಂದು ತಿಳಿಯಬೇಡಿ, ಉಂಡ ಮೇಲೆ ಇನ್ನೂ ಜೋರಾಯಿತು. ಹಸಿದು ಹಾರಿಹೋದವರೂ ಗಂಜಿಯ ವಾಸನೆ ಹಿಡಿದು ಒಬ್ಬೊಬ್ಬರಾಗಿ ಇಳಿದುಬಂದು ಸುಖವಾಗಿದ್ದರು.

ಅಂದು ಎಲ್ಲರಿಗಿಂತ ಮೊದಲು ಉಂಡವಳು ತುಂಗಜ್ಜಿ. ಒಂದೊಂದು ತುತ್ತಿಗೂ ಒಂದಿಷ್ಟು ಕೆಳಗಿಳಿದು, ಕೊನೆಗೆ ಅವಳ ಹಿಮ್ಮಡಿ ನೆಲಕ್ಕೆ ತಾಗಿತು. ಸಿಂಗಾರಿ ಅಳುತ್ತಾ ನಗುತ್ತಿದ್ದಳು.

"ಇನ್ನಾದ್ರೂ ಹಗ್ಗ ಬಿಚ್ಚೇ, ತಾಯಿ," ಎಂದಳು ಅಜ್ಜಿ. "ಮನೇಗೆ ನಡ್ಕೊಂಡು ಹೋಗ್ತೀನಿ."