ಮೂರನೆಯ ಸೋರಿಕೆ

"ಕಾರು ಮಾರೋದಿಲ್ಲ," ಎಂದಳು ರುಮ್ಯಾನ, ಗೇಟು ತೆರೆಯದೆಯೇ.

ಹೊರಗೆ ನಿಂತಿದ್ದವನು ತನ್ನ ಕೈಯಲ್ಲಿದ್ದ ಪುಟ್ಟ ಪಂಪನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ಕೊಳ್ಳೋಕೆ ಬಂದಿಲ್ಲ ಕಣ್ರೀ. ಇಂಜಿನ್ ಸೋರ್ತಿದೆ ಅಂತ ಸ್ತೋಯ್ನಾ ಅಜ್ಜಿ ಹೇಳಿ ಕಳಿಸಿದ್ರು. ನಾನು ಮೆತೋದಿ. ಮಾರ್ಕೆಟ್ ಹಿಂದೆ ರೇಡಿಯೇಟರ್ ರಿಪೇರಿ ಅಂಗಡಿ ನಂದು."

ಪಕ್ಕದ ಹಿತ್ತಲಲ್ಲಿ ಈರುಳ್ಳಿ ಪಾತಿಗೆ ಬಗ್ಗಿದ್ದ ಮುದುಕಿ ತಲೆ ಎತ್ತಲೂ ಇಲ್ಲ. "ನಾನೇ ಕರೆಸಿದ್ದು. ಬೆಳಗಾದ್ರೆ ನಿನ್ನ ಅಂಗಳದಿಂದ ಹಸಿರು ನೀರು ನನ್ನ ಪಾತಿಗೆ ಹರಿದು ಬರುತ್ತೆ. ವಿಷ ಕಣೇ ಅದು! ಒಳಗೆ ಬಿಡು ಅವನ್ನ."

ರುಮ್ಯಾನ ಗೇಟು ತೆಗೆದಳು. ಬೇಡ ಎನ್ನುವುದಕ್ಕೂ ಒಂದಿಷ್ಟು ಮನಸ್ಸು ಬೇಕಲ್ಲ, ಅದೂ ಅವಳಲ್ಲಿ ಇರಲಿಲ್ಲ.

ಅವಳ ಗಂಡ ಕಾಲಿನ್ ಹಿಂದಿನ ವರ್ಷದ ಚಳಿಗಾಲದಲ್ಲಿ ಆ ಇಂಜಿನನ್ನು ಬಿಚ್ಚಿ ಹರವಿದ್ದ. ಮೂರು ವಾರಕ್ಕೆ ಲೋಮ್ ಬಂದರಿನ ಕ್ರೇನಿನ ಮೇಲೆ, ಹಡಗಿಗೆ ಗೋಧಿ ತುಂಬುತ್ತಿರುವಾಗಲೇ, ಅವನ ಹೃದಯ ನಿಂತಿತು. ಬೋಲ್ಟುಗಳು ಚೀಸ್ ಡಬ್ಬಗಳಲ್ಲಿ, ವಾಲ್ವುಗಳು ಜಾಮ್ ಬಾಟಲಿಗಳಲ್ಲಿ ಹಾಗೆಯೇ ಉಳಿದವು. ಹದಿನಾಲ್ಕು ತಿಂಗಳಾಗಿತ್ತು. ಮಣ್ಣು ಮಾಡುವ ದಿನವೂ ಅವಳು ಅತ್ತಿರಲಿಲ್ಲ. ಕಲ್ಲು ಕಣಪ್ಪ ಈ ಹೆಂಗಸು, ಎಂದಿದ್ದರು ಊರವರು. ಅವಳಿಗೂ ಹಾಗೆಯೇ ಅನ್ನಿಸಿತ್ತು.

ಈ ಚಳಿಗಾಲದಲ್ಲಿ ಒಂದು ಹಳೆಯ ರಿಪೇರಿ ಪುಸ್ತಕವನ್ನು ಮುಂದಿಟ್ಟುಕೊಂಡು ಅವಳೇ ಇಂಜಿನ್ ಜೋಡಿಸಿದಳು. ಗಂಡನ ನೆನಪಿಗೆ ಮಾಡುತ್ತಿದ್ದಾಳೆಂದು ಜನ ಮರುಗಿದರು. ಅದೇನಲ್ಲ. ಸಂಜೆಗಳು ಉದ್ದವಾಗಿದ್ದವು, ಕೈಗೆ ಕೆಲಸ ಬೇಕಿತ್ತು, ಅಷ್ಟೇ. ಇಂಜಿನ್ ಮೊದಲ ಸಲಕ್ಕೇ ಸ್ಟಾರ್ಟ್ ಆದಾಗಲೂ ಅವಳ ಎದೆಯಲ್ಲಿ ಏನೂ ಕದಲಲಿಲ್ಲ. ಇಂಜಿನ್ ತಣಿಸುವ ಹಸಿರು ಕೂಲಂಟ್ ಮಾತ್ರ ನೆಲಕ್ಕೆ ತೊಟ್ಟಿಕ್ಕತೊಡಗಿತು.

"ಇಂಜಿನ್ ತಣ್ಣಗಿರೋವಾಗ್ಲೇ ನೋಡ್ಬೇಕು," ಎಂದ ಮೆತೋದಿ ರೇಡಿಯೇಟರಿನ ಬಾಯಿಗೆ ಪಂಪ್ ಸಿಕ್ಕಿಸಿ ಗಾಳಿ ಒತ್ತಿದ. ಪಂಪಿನ ಮೀಟರಿನಲ್ಲಿ ಮೇಲೇರಿದ ಮುಳ್ಳು ಮೆಲ್ಲಗೆ ಕೆಳಗಿಳಿಯಿತು. ಕೆಳಗಿನ ಹೋಸ್ ಪೈಪಿನ ಅಂಚಿನಲ್ಲಿ ಹಸಿರು ಹನಿಯೊಂದು ಹೊಳೆಯಿತು.

"ಈ ಕ್ಲಿಪ್ ಬಿಗಿದಿದ್ದು ಯಾರು?"

"ನಾನೇ."

"ಪೈಪೇ ಕತ್ತರಿಸೋ ಹಾಗೆ ಬಿಗಿದಿದೀರಲ್ಲ! ಅದರ ಮೇಲೆ ಅಷ್ಟು ಕೋಪವಾ?"

"ನಂಗೆ ಯಾರ ಮೇಲೂ ಕೋಪ ಇಲ್ಲ."

ಅವನು ತಲೆ ಎತ್ತಿ ನೋಡಿದ. ಬೂದುಗಣ್ಣು, ರೆಪ್ಪೆಯ ಮೇಲೆ ಗ್ರೀಸಿನ ಗೆರೆ. ಒಂದು ಕ್ಷಣ ಹೆಚ್ಚೇ ನೋಡಿದ. ಅವಳು ಅದನ್ನು ಗಮನಿಸಿದಳು, ಗೋಡೆಯ ಮೇಲಿನ ಬಿಸಿಲನ್ನು ಗಮನಿಸಿದ ಹಾಗೆ.

ಮರುಶನಿವಾರ ಥರ್ಮೋಸ್ಟಾಟ್ ಬಿಚ್ಚಿದರು. ಹಳೆಯ ಗ್ಯಾಸ್ಕೆಟ್ಟಿನ ಚೂರು ಅಂಚಿಗೆ ಅಂಟಿಕೊಂಡೇ ಇತ್ತು, ಅಲ್ಲಿಂದಲೂ ಸೋರುತ್ತಿತ್ತು. ಅದನ್ನು ಕೆರೆಯುವ ಕೆಲಸವನ್ನು ಅವನು ಅವಳಿಗೇ ಬಿಟ್ಟು, ಪಕ್ಕದಲ್ಲಿ ಬಕೆಟ್ ಬೋರಲು ಹಾಕಿ ಕೂತ.

"ನೀರಿನ ಆಫೀಸಿನಲ್ಲಿ ನಿಮ್ಮ ಕೆಲಸದ ಬಗ್ಗೆ ಜನ ಏನಂತಾರೆ ಗೊತ್ತಾ? ರಸ್ತೆ ಕೆಳಗೆ ಸೋರೋ ಪೈಪಿನ ಸದ್ದು ಕೇಳೋದಂತೆ. ನಿಜವಾ?"

"ಸಲಾಕೆ ಊರಿ, ಅದಕ್ಕೆ ಕಿವಿ ಕೊಡ್ತೀನಿ. ಸೋರೋ ನೀರು ಸದ್ದು ಮಾಡುತ್ತೆ."

"ಮನುಷ್ಯರ ಎದೆಗೆ ಊರಿದ್ರೆ?"

"ನಂದಕ್ಕೆ ಊರಿದ್ರೆ ಏನೂ ಕೇಳಿಸಲ್ಲ," ಎಂದಳು ರುಮ್ಯಾನ. ದುಃಖದಿಂದಲ್ಲ, ಅಂಗಡಿಯಲ್ಲಿ ಸಕ್ಕರೆ ಇಲ್ಲ ಎನ್ನುವ ದನಿಯಲ್ಲಿ. ಅವನು ನಗಲಿಲ್ಲ. ಅವಳ ಕೈಗೆ ಹೊಸ ಗ್ಯಾಸ್ಕೆಟ್ ಕೊಟ್ಟ.

ಆದರೂ ಎಲ್ಲೋ ಇನ್ನೂ ಸೋರುತ್ತಿತ್ತು. ಮೆತೋದಿ ಟಾರ್ಚ್ ಹಿಡಿದು ಬಹಳ ಹೊತ್ತು ಬಗ್ಗಿದ್ದ. "ಇದು ಅಷ್ಟು ಸುಲಭಕ್ಕೆ ಸಿಗೋದಲ್ಲ. ಮುಂದಿನ ವಾರ ನೋಡೋಣ," ಎಂದು ಕಾರಿನ ಕೆಳಗೆ ಬೇಸಿನ್ ಇಟ್ಟು ಹೋದ. ಮುಂದಿನ ವಾರವೂ ಅದನ್ನೇ ಹೇಳಿದ. ಅಷ್ಟರಲ್ಲಿ ಶನಿವಾರದ ಬೆಳಗ್ಗೆ ಇಬ್ಬರಿಗಾಗುವಷ್ಟು ಬಾನಿತ್ಸಾ ಬೇಯಿಸುವುದು ಅವಳಿಗೇ ತಿಳಿಯದೆ ರೂಢಿಯಾಗಿತ್ತು. ಪದರದ ಹಿಟ್ಟು, ಮಧ್ಯೆ ಚೀಸ್. ಅವನು ಬಿಸಿಯಾಗಿದ್ದಾಗಲೇ ತಿಂದು ನಾಲಿಗೆ ಸುಟ್ಟುಕೊಳ್ಳುತ್ತಿದ್ದ.

"ಹೆಂಡ್ತಿ ಬಿಟ್ಟುಹೋಗಿ ಆರು ವರ್ಷ ಅವನಿಗೆ," ಎಂದಿತು ಬೇಲಿಯಾಚೆಯ ದನಿ. "ಸುಮ್ನೆ ಹೇಳ್ದೆ."

ಐದನೆಯ ಶನಿವಾರ ಅವನು ಬಂದಾಗ ರುಮ್ಯಾನ ಕಾರಿನ ಮುಂದೆ ಕಾಯುತ್ತಿದ್ದಳು. "ಸಿಕ್ತು. ಹಲ್ಲು ಡಾಕ್ಟರ ಕನ್ನಡಿ ತಂದು ನೋಡಿದೆ. ವಾಟರ್ ಪಂಪಿನ ಕೆಳಗಿನ ಬೋಲ್ಟು. ಹನಿ ಅದರ ತಲೆಯಿಂದಲೇ ಇಳೀತಿದೆ."

ಮೆತೋದಿ ಆಶ್ಚರ್ಯಪಡಲಿಲ್ಲ. ಜೇಬಿನಿಂದ ಒಂದು ಟ್ಯೂಬ್ ತೆಗೆದ. ಜೇಬಲ್ಲೇ ಇದ್ದು ಇದ್ದು ಅದರ ಚೀಟಿ ಸವೆದಿತ್ತು.

"ಆ ಬೋಲ್ಟಿನ ತೂತು ಒಳಗೆ ನೀರಿನ ದಾರಿಗೆ ತೆರೆದಿರುತ್ತೆ. ಬೋಲ್ಟಿನ ತಿರುಪಿಗೆ ಈ ಅಂಟು ಹಚ್ಚಿ ಬಿಗಿದ್ರೆ ಆಯ್ತು."

"ನಿಮಗೆ ಗೊತ್ತಿತ್ತಾ?"

"ಎರಡನೇ ವಾರಾನೇ." ಅವನ ಕಿವಿ ಕೆಂಪಾಗಿತ್ತು. "ಹೇಳಿಬಿಟ್ರೆ ಮತ್ತೆ ಬರೋಕೆ ನೆಪ ಏನಿತ್ತು? ಈ ಅಂಗಳದಲ್ಲಿ ನಿಮ್ಮ ಪಕ್ಕ ಕೂತ್ಕೊಳ್ಳೋದು ನಂಗೆ ಇಷ್ಟ. ನೀವು ಮಾತಾಡದೆ ಇದ್ರೂ ಇಷ್ಟ. ಅಷ್ಟೇ ರೀ ನನ್ನ ತಪ್ಪು."

"ಅಷ್ಟೇನಾ? ಮೂರು ವಾರ! ಕೆಲಸ ಮುಗಿಸಿ ಬಂದು ದಿನಾ ಆ ಇಂಜಿನ್ ಕೆಳಗೆ ಮಲಗಿದೀನಿ ನಾನು! ಕೈಲಾಗದ ಹೆಂಗಸು ಅಂತ ನನ್ನನ್ನೇ ಬೈಕೊಂಡಿದೀನಿ!" ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. ಕೈಯಲ್ಲಿದ್ದ ಸ್ಪ್ಯಾನರ್ ಹಾರಿ ಬೇಸಿನ್ನಿಗೆ ಬಡಿಯಿತು. "ಹೊರಡಿ ಇಲ್ಲಿಂದ!"

ಅವನು ತಲೆತಗ್ಗಿಸಿ ಗೇಟಿನತ್ತ ನಡೆದ.

"ಆ ಟ್ಯೂಬ್ ಇಟ್ಟು ಹೋಗಿ!"

ಆ ಮಧ್ಯಾಹ್ನವೇ ಅವಳು ಕೂಲಂಟ್ ಇಳಿಸಿ, ಬೋಲ್ಟು ಬಿಚ್ಚಿ, ಅದರ ತಿರುಪನ್ನು ಉಜ್ಜಿ ಒಣಗಿಸಿ, ಅಂಟು ಹಚ್ಚಿ ಬಿಗಿದಳು. ಅಂಟು ಗಟ್ಟಿಯಾಗಲು ಒಂದು ದಿನ ಬಿಟ್ಟು, ಭಾನುವಾರ ಕೂಲಂಟ್ ತುಂಬಿ, ಒಳಗಿನ ಗಾಳಿ ಗುಳುಗುಳು ಎಂದು ಹೊರಬರುವವರೆಗೆ ಇಂಜಿನ್ ಓಡಿಸಿದಳು. ಫ್ಯಾನ್ ತಿರುಗಿತು, ನಿಂತಿತು. ಕಾರಿನ ಕೆಳಗೆ ಹಾಸಿದ್ದ ರಟ್ಟು ಒಣಗಿಯೇ ಇತ್ತು.

ಕೋಪ ಮಾತ್ರ ಇಳಿಯಲಿಲ್ಲ. ತಟ್ಟೆ ತೊಳೆಯುವಾಗ ಒಂದು ತಟ್ಟೆ ಹೋಳಾಯಿತು.

"ಒಡಿ, ಒಡಿ," ಎಂದಳು ಕಿಟಕಿಯಾಚೆಯಿಂದ ಸ್ತೋಯ್ನಾ ಅಜ್ಜಿ. "ಆ ಮನೇಲಿ ಒಂದು ಸದ್ದು ಕೇಳಿ ವರ್ಷದ ಮೇಲಾಯ್ತು."

ರುಮ್ಯಾನ ಒದ್ದೆ ಕೈಯಲ್ಲೇ ಅಡುಗೆಮನೆಯ ನೆಲಕ್ಕೆ ಕುಸಿದಳು. ಮೊದಲು ಮೆತೋದಿಯ ಮೇಲೆ, ಆಮೇಲೆ ಹೇಳದೆ ಕೇಳದೆ ಹೊರಟುಹೋದ ಕಾಲಿನನ ಮೇಲೆ ಸಿಟ್ಟು ಉಕ್ಕಿ ಬಂತು. ಕಣ್ಣು ಉರಿಯಿತು. ಅಳು ಬರಲಿಲ್ಲ, ಆದರೆ ಬರುವ ದಾರಿ ಎಲ್ಲಿದೆ ಎಂದು ತಿಳಿಯಿತು.

ಸೋಮವಾರ ಊಟದ ವಿರಾಮದಲ್ಲಿ ಅವಳು ಕಾರು ತಂದು ಅವನ ಅಂಗಡಿಯ ಮುಂದೆ ನಿಲ್ಲಿಸಿದಳು. ಕೆಳಗಿಳಿಯಲಿಲ್ಲ, ಕಿಟಕಿಯ ಗಾಜನ್ನಷ್ಟೇ ಇಳಿಸಿದಳು. ಮೆತೋದಿ ಕೈ ಒರೆಸಿಕೊಳ್ಳುತ್ತ ಹೊರಬಂದು ಎರಡು ಹೆಜ್ಜೆ ದೂರದಲ್ಲೇ ನಿಂತ.

"ಎರಡು ದಿನದಿಂದ ನಿನ್ನ ಮೇಲೆ ಕೋಪ. ಈಗ್ಲೂ ಇದೆ."

'ನಿನ್ನ' ಎಂಬುದು ಅವನಿಗೆ ಕೇಳಿಸಿತು. ಕೇಳಿಸದವನ ಹಾಗೆ ನಿಂತ.

"ಹದಿನೈದು ತಿಂಗಳಲ್ಲಿ ನಂಗೆ ಆಗಿರೋದು ಇದೊಂದೇ. ಬೇರೇನೂ ಇನ್ನೂ ಬಂದಿಲ್ಲ. ಬರುತ್ತೋ ಇಲ್ವೋ, ಅದೂ ಗೊತ್ತಿಲ್ಲ. ಕಾಯೋದಾದ್ರೆ ಕಾಯಿ. ಸುಳ್ಳು ಮಾತ್ರ ಹೇಳ್ಬೇಡ."

"ಕಾಯ್ತೀನಿ." ಅವನು ಬಗ್ಗಿ ಕಾರಿನ ಅಡಿ ನೋಡಿದ, ಅಭ್ಯಾಸಬಲ. ನೆಲ ಒಣಗಿತ್ತು. ಎದ್ದಾಗ ಮುಖದಲ್ಲಿ ಪೆಚ್ಚು ನಗು. "ಆದ್ರೆ ಈ ಶನಿವಾರ ಏನು ಸೋರ್ತಿದೆ ಅಂತ ಬರ್ಲಿ?"

ರುಮ್ಯಾನ ಗೇರ್ ಹಾಕಿದಳು.

"ಏನೂ ಸೋರ್ತಿಲ್ಲ," ಎಂದಳು. "ಸುಮ್ನೆ ಬಾ."